ನಮ್ಮೂರ ಸಿಟಿ ಕೌನ್ಸಿಲ್ ‘ಮೆಷರ್ ಎ’ಗೆ ಬೆಂಬಲ ಕೊಟ್ಟಿದೆ. ಇದು ಇವರ ಕೆಲಸವಾ?

ಕಾಫಿಪುಡಿ | 2025 ಅಕ್ಟೋಬರ್ 9

ಬ್ಯಾಲೆಟ್ ಅಂಚೆಯಲ್ಲಿ ಬಂತು. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಓಟು ಇರುವವರಿಗೆಲ್ಲ ಬಂದಿರಬೇಕು. ನವೆಂಬರ್ 4ಕ್ಕೆ ಚುನಾವಣೆ. ಎಲ್ಲರ ಬಾಯಲ್ಲೂ ಪ್ರಾಪ್ 50, ರಾಜ್ಯದ ಸಂಸತ್ ಕ್ಷೇತ್ರಗಳ ಗಡಿ ಬದಲಿಸುವ ಪ್ರಸ್ತಾವ. ಅದೇ ಬ್ಯಾಲೆಟ್‌ನಲ್ಲಿ ಮೆಷರ್ ಎ ಅಂತ ಕೌಂಟಿಯ ಪ್ರಸ್ತಾವ ಒಂದಿದೆ, ಅದನ್ನು ಯಾರೂ ಓದಿದ ಹಾಗಿಲ್ಲ. ಕೌಂಟಿಯ ಸೇಲ್ಸ್ ಟ್ಯಾಕ್ಸ್ 0.625% ಜಾಸ್ತಿ ಮಾಡಬೇಕಂತೆ, ಐದು ವರ್ಷದ ಮಟ್ಟಿಗೆ. ವರ್ಷಕ್ಕೆ ಸುಮಾರು 330 ಮಿಲಿಯನ್ ಡಾಲರ್ ಬರುತ್ತದೆ ಅನ್ನುವುದು ಕೌಂಟಿಯ ಅಂದಾಜು. ಆಸ್ಪತ್ರೆ ನಡೆಸಲು ಬೇಕು ಅನ್ನುತ್ತಾರೆ.

ಟ್ಯಾಕ್ಸ್ ಸರಿಯೋ ತಪ್ಪೋ, ಅದು ಆಮೇಲೆ. ನನ್ನ ತಕರಾರು ಬೇರೆ. ನಮ್ಮೂರ ಸಿಟಿ ಕೌನ್ಸಿಲ್ ಇದಕ್ಕೆ ಬೆಂಬಲ ಅಂತ ನಿರ್ಣಯ ಪಾಸ್ ಮಾಡಿದೆ. (ಊರಿನ ಹೆಸರು ಬೇಡ. ಕೌನ್ಸಿಲರ್ ಒಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ.) ಸಭೆಯನ್ನು ಝೂಮ್‌ನಲ್ಲಿ ನೋಡುತ್ತಿದ್ದೆ. ಚರ್ಚೆ ಅನ್ನುವುದೇ ನಡೆಯಲಿಲ್ಲ. ಕನ್ಸೆಂಟ್ ಕ್ಯಾಲೆಂಡರ್‌ನಲ್ಲಿ ಸೇರಿಸಿಬಿಟ್ಟಿದ್ದರು. ಹಿಂದಿನ ಸಭೆಯ ನಡಾವಳಿ, ಮರ ಸವರುವ ಗುತ್ತಿಗೆ, ಪಾರ್ಕಿನ ಬೆಂಚು, ಅದರ ನಡುವೆ ಇದು. ಎಲ್ಲಕ್ಕೂ ಸೇರಿಸಿ ಒಂದೇ ಸಲ ಓಟು ಹಾಕಿದರು, ಮುಗಿಯಿತು.

ಇದು ಕೌಂಟಿಯ ಟ್ಯಾಕ್ಸ್. ಸಿಟಿಯ ಖಜಾನೆಗೆ ಇದರಲ್ಲಿ ಬಿಡಿಗಾಸೂ ಬರುವುದಿಲ್ಲ. ಮತ್ತೆ ಇವರು ಯಾಕೆ ಮಧ್ಯೆ ಬಾಯಿ ಹಾಕಬೇಕು? ಜನರ ದುಡ್ಡಿನಲ್ಲಿ ನಡೆಯುವ ಕೌನ್ಸಿಲ್ ಹೀಗೆ ಒಂದು ಕಡೆ ವಾಲಬಹುದಾ? ತಿಳಿದವರು ಹೇಳಿ.

ತುಂಗಾತೀರ

ಬೆಂಬಲ ಅಂತ ಹೇಳಿದ್ದಾರೆ ಅಷ್ಟೇ. ಮನೆ ಮನೆಗೆ ಬಂದು ಓಟು ಕೇಳಿಲ್ಲವಲ್ಲ?

ಕಾಫಿಪುಡಿ

ಸಿಟಿಯ ಲಾಂಛನ ಹಾಕಿ ‘ನಾವು ಬೆಂಬಲಿಸುತ್ತೇವೆ’ ಅಂದರೆ ಓಟು ಕೇಳಿದ ಹಾಗೆ ಅಲ್ವಾ?

ಕಾಯಿದೆಕಟ್ಟೆ

ಇದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ತೀರ್ಪು ಇದೆ. 1976ರ ಸ್ಟ್ಯಾನ್ಸನ್ ವಿರುದ್ಧ ಮಾಟ್ ಪ್ರಕರಣ. ರಾಜ್ಯದ ಪಾರ್ಕ್ ಇಲಾಖೆಯ ಮುಖ್ಯಸ್ಥರು ಒಂದು ಬಾಂಡ್ ಪಾಸ್ ಆಗಲಿ ಅಂತ ಸರ್ಕಾರದ ದುಡ್ಡಿನಲ್ಲಿ ಪ್ರಚಾರ ಮಾಡಿಸಿದ್ದರು. ಹಾಗೆ ಮಾಡುವ ಹಾಗಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಮಾಹಿತಿ ಕೊಡಬಹುದು, ಪ್ರಚಾರ ಮಾಡಬಾರದು.

ಆದರೆ ತೆರೆದ ಸಭೆಯಲ್ಲಿ, ಅಜೆಂಡಾದಲ್ಲಿ ಹಾಕಿ, ಜನರಿಗೆ ಮಾತಾಡಲು ಅವಕಾಶ ಕೊಟ್ಟು ನಿರ್ಣಯ ಮಾಡುವುದಕ್ಕೆ ಅಡ್ಡಿ ಇಲ್ಲ. ಅದು ಕೌನ್ಸಿಲ್‌ನ ಅಭಿಪ್ರಾಯ. 2009ರಲ್ಲಿ ಸಲೀನಸ್ ಊರಿನ ಪ್ರಕರಣದಲ್ಲೂ ಇದೇ ಪ್ರಶ್ನೆ ಬಂತು. ಅಲ್ಲಿ ಒಂದು ಟ್ಯಾಕ್ಸ್ ರದ್ದು ಮಾಡಬೇಕು ಅನ್ನುವ ಮೆಷರ್ ಇತ್ತು. ರದ್ದಾದರೆ ಯಾವ ಯಾವ ಸೇವೆ ನಿಲ್ಲುತ್ತದೆ ಅಂತ ಸಿಟಿ ತನ್ನ ವೆಬ್‌ಸೈಟಿನಲ್ಲಿ, ಸುದ್ದಿಪತ್ರದಲ್ಲಿ ಹಾಕಿತ್ತು. ಅದು ಮಾಹಿತಿಯೇ, ಪ್ರಚಾರ ಅಲ್ಲ ಅಂತ ತೀರ್ಪು ಬಂತು.

ಹಾಗಾಗಿ ನಿರ್ಣಯ ಸರಿ. ಅದನ್ನೇ ಬಣ್ಣದ ಕರಪತ್ರ ಮಾಡಿ ‘ಎಸ್ ಆನ್ ಎ’ ಅಂತ ಸಿಟಿಯ ಖರ್ಚಿನಲ್ಲಿ ಮನೆಗೆ ಕಳಿಸಿದ್ದರೆ ತಪ್ಪು. ಕೌನ್ಸಿಲರ್‌ಗಳು ತಮ್ಮ ಸ್ವಂತ ಸಮಯದಲ್ಲಿ, ಸ್ವಂತ ದುಡ್ಡಿನಲ್ಲಿ ಎಷ್ಟು ಬೇಕಾದರೂ ಪ್ರಚಾರ ಮಾಡಬಹುದು.

ಇನ್ನು ಕನ್ಸೆಂಟ್ ಕ್ಯಾಲೆಂಡರ್ ವಿಷಯ. ಅದನ್ನು ಬೇರೆ ತೆಗೆದು ಚರ್ಚೆಗೆ ಇಡಿ ಅಂತ ಕೌನ್ಸಿಲರ್ ಯಾರಾದರೂ ಕೇಳಬಹುದಿತ್ತು. ಎಷ್ಟೋ ಊರುಗಳಲ್ಲಿ ಜನ ಕೇಳಿದರೂ ತೆಗೆಯುತ್ತಾರೆ. ನೀವು ಝೂಮ್‌ನಲ್ಲಿ ಇದ್ದಿರಲ್ಲ, ಕೈ ಎತ್ತಿದಿರಾ?

ಕಾಫಿಪುಡಿ

ಅಡುಗೆ ಮಾಡುತ್ತಾ ನೋಡುತ್ತಿದ್ದೆ ಸ್ವಾಮಿ. ಒಲೆ ಮೇಲೆ ಸಾರು ಇತ್ತು.

ಮಾರಾಯ_ಕುಡ್ಲ

ಪ್ರಜಾಪ್ರಭುತ್ವ ಸೋತದ್ದು ಸಾರಿನಿಂದ ಮಾರಾಯ್ರೆ 😄

ಲೆಕ್ಕದಪುಸ್ತಕ

ಕಾನೂನು ಇರಲಿ. ಬಿಲ್ ನೋಡೋಣ.

ನಮ್ಮ ಕೌಂಟಿಯ ಸನ್ನಿವೇಲ್ ಊರಿನಲ್ಲಿ ಸೇಲ್ಸ್ ಟ್ಯಾಕ್ಸ್ ಈಗ 9.125%. ಇದರಲ್ಲಿ 7.25% ರಾಜ್ಯದಾದ್ಯಂತ ಒಂದೇ. ಆ 7.25ರಲ್ಲಿ 1% ಮಾತ್ರ ಊರಿಗೆ ಬರುತ್ತದೆ, 1955ರ ಬ್ರ್ಯಾಡ್ಲಿ-ಬರ್ನ್ಸ್ ಕಾಯಿದೆಯ ಪ್ರಕಾರ. ಉಳಿದ 1.875% ನಾವೇ, ಅಂದರೆ ಈ ಕೌಂಟಿಯ ಮತದಾರರು, ಒಂದೊಂದಾಗಿ ಹೇರಿಕೊಂಡದ್ದು. 1976ರಲ್ಲಿ ಬಸ್ಸು-ರೈಲಿಗೆ ಅರ್ಧ ಸೆಂಟ್ (ಡಾಲರ್‌ಗೆ ಅರ್ಧ ಸೆಂಟ್, ಅಂದರೆ 0.5%). 2000ದಲ್ಲಿ ಇನ್ನೊಂದು ಅರ್ಧ. 2008ರಲ್ಲಿ ಬಾರ್ಟ್ ರೈಲು ಓಡಿಸಲು 0.125. 2012ರಲ್ಲಿ ಕೌಂಟಿಗೆ 0.125. 2016ರಲ್ಲಿ ಮತ್ತೆ ಸಾರಿಗೆಗೆ ಅರ್ಧ. 2020ರಲ್ಲಿ ಕ್ಯಾಲ್‌ಟ್ರೇನ್ ರೈಲಿಗೆ 0.125. ಕೂಡಿಸಿ ನೋಡಿ, ಸರಿಹೋಗುತ್ತದೆ. ಸ್ಯಾನ್ ಹೋಸೆಯವರು 2016ರಲ್ಲಿ ತಮ್ಮೂರಿಗೆ ಅಂತ ಇನ್ನೂ ಕಾಲು ಸೆಂಟ್ ಸೇರಿಸಿಕೊಂಡರು, ಅದಕ್ಕೇ ಅಲ್ಲಿ 9.375.

ಮೆಷರ್ ಎ ಪಾಸ್ ಆದರೆ ಸನ್ನಿವೇಲ್ 9.75, ಸ್ಯಾನ್ ಹೋಸೆ ಸರಿಯಾಗಿ 10.

ಈಗ ಆ 2012ರದ್ದನ್ನು ಗಮನಿಸಿ. ಅದರ ಹೆಸರೂ ಮೆಷರ್ ಎ. ಹತ್ತು ವರ್ಷಕ್ಕೆ ಮಾತ್ರ ಅಂದಿದ್ದರು. ಅವಧಿ ಮುಗಿಯುವ ಮೊದಲೇ, 2018ರಲ್ಲಿ, ಮತ್ತೆ ಓಟಿಗೆ ಇಟ್ಟರು. ಈ ಸಲ ಕೊನೆಯ ದಿನಾಂಕವೇ ಇಲ್ಲ. ಮತದಾರರು ನಿಲ್ಲಿಸುವವರೆಗೆ ಅಂತ. ಪಾಸ್ ಆಯಿತು. ಆದ್ದರಿಂದ ‘ಐದೇ ವರ್ಷ’ ಅಂದಾಗ ನನಗೆ ನಗು ಬರುತ್ತದೆ.

ರಾಗಿಮುದ್ದೆ

ಬಾಡಿಗೆಗೆ ಬಂದ ಮಾವ ಮನೆ ಬಿಡದ ಹಾಗೆ.

ಹುಬ್ಬಳ್ಳಿ_ಹುಡುಗ

ನಮ್ಮ ಫ್ರೀಮಾಂಟ್‌ಗೆ ಬರ್ರಿ. ಅಲಮೀಡಾ ಕೌಂಟಿ, ಈಗಲೇ ಹತ್ತೂಕಾಲು. ಪಕ್ಕದ ನ್ಯೂವಾರ್ಕ್, ಯೂನಿಯನ್ ಸಿಟಿ ಹತ್ತೂಮುಕ್ಕಾಲು. ಓಕ್‌ಲ್ಯಾಂಡ್‌ನವರು ಏಪ್ರಿಲ್‌ನಲ್ಲಿ ಅರ್ಧ ಸೆಂಟ್‌ಗೆ ಓಟು ಹಾಕಿ, ಈ ತಿಂಗಳು ಒಂದನೇ ತಾರೀಖಿನಿಂದ ಅವರೂ ಹತ್ತೂಮುಕ್ಕಾಲಿಗೆ ಬಂದರು. ನೀವು ಹತ್ತಕ್ಕೆ ಅಳುತ್ತೀರಲ್ಲ!

ಅಜ್ಜಿಮನೆ

ನನ್ನ ಮನೆಯವರು ನರ್ಸ್. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೌಂಟಿಗೆ ಈಗ ನಾಲ್ಕು ಆಸ್ಪತ್ರೆ ಇದೆ. ವ್ಯಾಲಿ ಮೆಡಿಕಲ್ ಹಳೆಯದು. ಓಕಾನರ್, ಗಿಲ್ರಾಯ್‌ನ ಸೇಂಟ್ ಲೂಯಿಸ್ ಎರಡನ್ನೂ 2019ರಲ್ಲಿ ಕೊಂಡರು. ಅವುಗಳ ಮಾಲೀಕ ಸಂಸ್ಥೆ ದಿವಾಳಿಯಾಗಿತ್ತು. ಪೂರ್ವ ಸ್ಯಾನ್ ಹೋಸೆಯ ರೀಜನಲ್ ಮೆಡಿಕಲ್ ಸೆಂಟರ್ ಈ ವರ್ಷ ಏಪ್ರಿಲ್‌ನಲ್ಲಿ ಕೌಂಟಿಯ ಕೈಗೆ ಬಂತು. ಖಾಸಗಿಯಾಗಿದ್ದಾಗ ಅಲ್ಲಿ ಹೆರಿಗೆ ವಿಭಾಗವನ್ನು 2020ರಲ್ಲೇ ಮುಚ್ಚಿದ್ದರು. ಟ್ರಾಮಾ (ತೀವ್ರ ಗಾಯದ ತುರ್ತು ಚಿಕಿತ್ಸೆ) ಸೇವೆಯನ್ನೂ ಕಡಿಮೆ ಮಾಡಿದ್ದರು. ಅಂದರೆ ಖಾಸಗಿಯವರು ಕೈಬಿಟ್ಟದ್ದನ್ನೆಲ್ಲ ಕೌಂಟಿ ಎತ್ತಿಕೊಂಡಿದೆ. ಎತ್ತಿಕೊಂಡ ಮೇಲೆ, ಜುಲೈ 4ಕ್ಕೆ ಟ್ರಂಪ್ ಸಹಿ ಹಾಕಿದ ಕಾಯಿದೆ ಬಂತು, ಬಡವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್‌ನ ದುಡ್ಡು ಕಡಿತ. ನಮ್ಮ ರಾಜ್ಯದಲ್ಲಿ ಅದು ಮೆಡಿ-ಕ್ಯಾಲ್. ಈ ಆಸ್ಪತ್ರೆಗಳು ನಡೆಯುವುದೇ ಅದರ ಮೇಲೆ. ಕೆಲವು ವರ್ಷಗಳಲ್ಲಿ ಕೊರತೆ ವರ್ಷಕ್ಕೆ ಒಂದು ಬಿಲಿಯನ್ ದಾಟುತ್ತದೆ ಅಂತ ಕೌಂಟಿ ಹೇಳುತ್ತಿದೆ. 330 ಮಿಲಿಯನ್ ಅದರ ಮುಂದೆ ಎಷ್ಟರದ್ದು?

‘ನನಗೆ ಕಂಪನಿ ಇನ್ಶೂರೆನ್ಸ್ ಇದೆ, ನನಗೇನು’ ಅಂತ ನಮ್ಮವರು ತುಂಬಾ ಜನ ಹೇಳುವುದನ್ನು ಕೇಳಿದ್ದೇನೆ. 101 ಹೆದ್ದಾರಿಯಲ್ಲಿ ಅಪಘಾತವಾದರೆ ಆಂಬುಲೆನ್ಸ್‌ನವರು ನಿಮ್ಮ ಇನ್ಶೂರೆನ್ಸ್ ಕಾರ್ಡ್ ನೋಡಿ ಆಸ್ಪತ್ರೆ ಆರಿಸುವುದಿಲ್ಲ. ವ್ಯಾಲಿ ಮೆಡಿಕಲ್‌ನಲ್ಲಿ ಲೆವೆಲ್ ಒನ್, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಟ್ರಾಮಾ ಸೆಂಟರ್ ಇದೆ, ಸುಟ್ಟಗಾಯದ ವಿಶೇಷ ವಿಭಾಗ ಇದೆ. ಬಿಸಿ ಎಣ್ಣೆ ಮೈಮೇಲೆ ಬಿದ್ದರೆ ಯಾವ ಟೆಕ್ ಕಂಪನಿಯವರಾದರೂ ಅಲ್ಲಿಗೇ ಹೋಗಬೇಕಾಗಬಹುದು.

ಸಿಟಿ ಯಾಕೆ ಬಾಯಿ ಹಾಕಬೇಕು ಅಂತ ಕಾಫಿಪುಡಿ ಕೇಳಿದರಲ್ಲ, ಉತ್ತರ ಇಲ್ಲೇ ಇದೆ. ಒಂದು ಎಮರ್ಜೆನ್ಸಿ ವಾರ್ಡ್ ಮುಚ್ಚಿದರೆ ಉಳಿದ ಕಡೆ ಸಾಲು ಬೆಳೆಯುತ್ತದೆ. ರೋಗಿಯನ್ನು ಒಳಗೆ ಒಪ್ಪಿಸುವವರೆಗೆ ಆಂಬುಲೆನ್ಸ್ ಆಸ್ಪತ್ರೆ ಬಾಗಿಲಲ್ಲೇ ನಿಂತಿರಬೇಕು. ಅಷ್ಟು ಹೊತ್ತು ಊರಿಗೆ ಆ ಗಾಡಿ ಇಲ್ಲ. ಎದೆನೋವು ಅಂತ ಫೋನ್ ಮಾಡಿದರೆ ಮೊದಲು ಬರುವುದು ಸಾಮಾನ್ಯವಾಗಿ ಊರಿನ ಫೈರ್ ಇಂಜಿನ್, ಆಂಬುಲೆನ್ಸ್ ಬರುವ ತನಕ ಅವರೂ ಅಲ್ಲೇ ಕಾಯುತ್ತಾರೆ.

ತುಂಗಾತೀರ

ಅಕ್ಕ, ಇದನ್ನು ಕೌನ್ಸಿಲ್ ಸಭೆಯಲ್ಲಿ ಯಾರಾದರೂ ಹೇಳಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ.

ಲೆಕ್ಕದಪುಸ್ತಕ

ಅಜ್ಜಿಮನೆಯವರ ಮಾತು ಒಪ್ಪುತ್ತೇನೆ. ಕಷ್ಟ ನಿಜ. ಆದರೆ ಬ್ಯಾಲೆಟ್ಟಿನ ಮಾತು ಇನ್ನೊಂದು ಸಲ ಓದಿ. ಇದು ಜನರಲ್ ಟ್ಯಾಕ್ಸ್. ದುಡ್ಡು ಕೌಂಟಿಯ ಜನರಲ್ ಫಂಡ್‌ಗೆ ಹೋಗುತ್ತದೆ. ಆಸ್ಪತ್ರೆಗೇ ಖರ್ಚು ಮಾಡಬೇಕು ಅಂತ ಕಾನೂನಿನ ಬೀಗ ಇಲ್ಲ. ಬರೀ ಮಾತು.

ಬೀಗ ಹಾಕಬಹುದಿತ್ತು. ಅದಕ್ಕೆ ಸ್ಪೆಷಲ್ ಟ್ಯಾಕ್ಸ್ ಅನ್ನುತ್ತಾರೆ. ಆದರೆ ರಾಜ್ಯದ ಮತದಾರರೇ ಪಾಸ್ ಮಾಡಿದ ತೆರಿಗೆ ಕಾನೂನುಗಳಾದ 1978ರ ಪ್ರಾಪ್ 13, 1996ರ ಪ್ರಾಪ್ 218 ಎರಡರ ಪ್ರಕಾರ ಅದಕ್ಕೆ ಮೂರರಲ್ಲಿ ಎರಡು ಪಾಲು ಮತದಾರರು ಒಪ್ಪಬೇಕು. ಜನರಲ್ ಟ್ಯಾಕ್ಸ್ ಆದರೆ ಅರ್ಧಕ್ಕಿಂತ ಒಂದು ಓಟು ಜಾಸ್ತಿ ಬಂದರೆ ಸಾಕು. ಯಾವುದು ಸುಲಭವೋ ಅದನ್ನು ಆರಿಸಿದ್ದಾರೆ. ನಮ್ಮ ಕೌನ್ಸಿಲ್‌ಗಳು ಬೆಂಬಲ ಕೊಡುವಾಗ ‘ವರ್ಷ ವರ್ಷ ಲೆಕ್ಕ ಕೊಡಿ’ ಅಂತ ಒಂದು ಸಾಲು ಸೇರಿಸಬಹುದಿತ್ತು. ಸುಮ್ನೆ ಹೆಬ್ಬೆಟ್ಟು ಒತ್ತಿದರೆ ಹೇಗೆ?

ಕಾಯಿದೆಕಟ್ಟೆ

‘ಯಾವುದು ಸುಲಭವೋ’ ಅನ್ನುವುದು ಪೂರ್ತಿ ಸರಿಯಲ್ಲ. ಜನರಲ್ ಟ್ಯಾಕ್ಸನ್ನು ಬ್ಯಾಲೆಟ್‌ಗೆ ಇಡಲು ಕೌಂಟಿಯ ಚುನಾಯಿತ ಬೋರ್ಡಿನಲ್ಲೇ ಮೂರರಲ್ಲಿ ಎರಡು ಪಾಲು ಓಟು ಬೇಕು. ಆಗಸ್ಟ್‌ನಲ್ಲಿ ಸೂಪರ್‌ವೈಸರ್‌ಗಳು ಅದನ್ನು ದಾಟಿಯೇ ಇಟ್ಟಿದ್ದಾರೆ.

ಲೆಕ್ಕದಪುಸ್ತಕ

ಐದು ಜನರ ಬೋರ್ಡಿನಲ್ಲಿ ನಾಲ್ಕು ಓಟು. ಅದೇನು ಎವರೆಸ್ಟ್ ಅಲ್ಲ ಸಾರ್.

ದೋಸೆಕಾವಲಿ

ನಾನು ಸಣ್ಣ ಹೋಟೆಲ್ ನಡೆಸುತ್ತೇನೆ. ನಮ್ಮ ಕಷ್ಟ ಯಾರಿಗೂ ಕಾಣುವುದಿಲ್ಲ. ಅಂಗಡಿಯಲ್ಲಿ ಅಕ್ಕಿ, ಬೇಳೆ, ತರಕಾರಿ, ಹಾಲು ತಗೊಂಡರೆ ಟ್ಯಾಕ್ಸ್ ಇಲ್ಲ. ಅದನ್ನೇ ನಾನು ಬೇಯಿಸಿ ಬಿಸಿಬೇಳೆಬಾತ್ ಮಾಡಿ ಕೊಟ್ಟರೆ ಇದೆ. ಗಿರಾಕಿಗಳು ಬಿಲ್ ನೋಡಿ ನನ್ನ ಮುಖ ನೋಡುತ್ತಾರೆ, ನಾನೇ ಜೇಬಿಗೆ ಹಾಕಿಕೊಂಡ ಹಾಗೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಊಟದ ಆರ್ಡರ್ ಬರುತ್ತದೆ. ಮುನ್ನೂರು ಊಟ, ಒಂದು ಊಟಕ್ಕೆ 15 ಡಾಲರ್ ಅಂದರೂ 4,500. ಅದರ ಮೇಲೆ ಈಗಿನ ಟ್ಯಾಕ್ಸೇ 400 ದಾಟುತ್ತದೆ. ‘ಟ್ಯಾಕ್ಸ್ ಸೇರಿಸಿ ರೌಂಡ್ ಮಾಡಿ ಅಣ್ಣಾ’ ಅನ್ನುತ್ತಾರೆ. ರೌಂಡ್ ಆಗುವುದು ನನ್ನ ಲಾಭ.

ರಾಗಿಮುದ್ದೆ

ಅಣ್ಣಾ, 4,500ಕ್ಕೆ 0.625% ಅಂದರೆ 28 ಡಾಲರ್. ಒಂದು ಊಟಕ್ಕೆ ಹತ್ತು ಸೆಂಟೂ ಆಗಲಿಲ್ಲ. ಹೋಳಿಗೆ ಸ್ವಲ್ಪ ದೊಡ್ಡದು ಮಾಡಿ, ಯಾರೂ ಬಿಲ್ ನೋಡುವುದಿಲ್ಲ.

ದೋಸೆಕಾವಲಿ

ಹೋಳಿಗೆಯ ಬೆಲೆ ನಿಮಗೆ ಗೊತ್ತಿಲ್ಲ ಅಂತ ಕಾಣುತ್ತದೆ.

ಗಿರಿಜಕ್ಕ

ಬಡವರಿಗೆ ಹೊಡೆತ ಅನ್ನುವವರಿಗೆ ಒಂದು ಮಾತು. ದಿನಸಿಗೆ ಇಲ್ಲ, ಡಾಕ್ಟರ್ ಬರೆದ ಔಷಧಿಗೆ ಇಲ್ಲ, ಮನೆ ಬಾಡಿಗೆಗೆ ಇಲ್ಲ. ಮಗುವಿನ ಡೈಪರ್‌ಗೂ 2020ರಿಂದ ಇಲ್ಲ.

ಮಾರಾಯ_ಕುಡ್ಲ

ಮಗುವಿನ ಶೂಗೆ ಇದೆ. ಸೋಪಿಗೆ ಇದೆ. ಹಳೆ ಕಾರಿಗೆ ಇದೆ. ಆದರೆ 2,000 ಡಾಲರ್ ಮೇಲೆ ಒಟ್ಟಿಗೆ ಚಿನ್ನದ ನಾಣ್ಯ ತಗೊಂಡರೆ ಇಲ್ಲ! ದೀಪಾವಳಿ ಬಂತಲ್ಲ, ಲೆಕ್ಕ ಹಾಕಿಕೊಳ್ಳಿ.

ಗಿರಿಜಕ್ಕ

ಬಳೆಗೆ?

ಮಾರಾಯ_ಕುಡ್ಲ

ಬಳೆಗೆ ಇದೆ ಅಕ್ಕ. ಒಡವೆ ಅಂದರೆ ಪೂರ್ತಿ ಟ್ಯಾಕ್ಸ್.

ಎಚ್1ಬಿ_ಸಂಸಾರಿ

ನೀವೆಲ್ಲ ಎಸ್ ಹಾಕಲೋ ನೋ ಹಾಕಲೋ ಅಂತ ಜಗಳ ಆಡುತ್ತಿದ್ದೀರಿ. ನನಗೆ ಓಟೇ ಇಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಕೂದಲು ಬೆಳ್ಳಗಾಯಿತು. ಆ ರಸೀದಿಯ 9 ಚಿಲ್ಲರೆ ಪರ್ಸೆಂಟ್ ನಾನೂ ಕಟ್ಟುತ್ತೇನೆ. ನಮ್ಮಂಥವರು ಮಾತಾಡಬಹುದಾದ ಜಾಗ ಅಂದರೆ ಆ ಸಿಟಿ ಕೌನ್ಸಿಲ್ ಸಭೆ ಒಂದೇ. ಅಲ್ಲಿ ಪೌರತ್ವ ಕೇಳುವುದಿಲ್ಲ. ಎರಡೋ ಮೂರೋ ನಿಮಿಷ ಕೊಡುತ್ತಾರೆ, ಮೈಕ್ ಮುಂದೆ ನಿಂತು ಹೇಳಬಹುದು. ಅದನ್ನೂ ಕನ್ಸೆಂಟ್ ಕ್ಯಾಲೆಂಡರ್‌ನಲ್ಲಿ ಮುಚ್ಚಿ ಮುಗಿಸಿದರೆ ನಮಗೆ ಉಳಿಯುವುದೇನು? ಕಾಫಿಪುಡಿಯವರ ಸಿಟ್ಟು ನನಗೆ ಅರ್ಥವಾಗುತ್ತದೆ, ಟ್ಯಾಕ್ಸ್ ಬೇಕು ಅನ್ನುವ ಪೈಕಿ ನಾನಿದ್ದರೂ.

ಕಾಯಿದೆಕಟ್ಟೆ

ಸಣ್ಣ ತಿದ್ದುಪಡಿ. ಕನ್ಸೆಂಟ್ ಕ್ಯಾಲೆಂಡರ್‌ನಲ್ಲಿದ್ದರೂ ಜನರ ಮಾತು ಕೇಳಲೇಬೇಕು. ತೆರೆದ ಸಭೆಗಳ ಕಾಯಿದೆಯಾದ 1953ರ ಬ್ರೌನ್ ಆಕ್ಟ್ ಹಾಗೆ ಹೇಳುತ್ತದೆ. ಅಧ್ಯಕ್ಷರು ಕೇಳುವಾಗ ನೀವು ಹಾಜರಿರಬೇಕು ಅಷ್ಟೇ.

ಜಯನಗರ_4ನೇಬ್ಲಾಕ್

ಬೆಂಗಳೂರಿನಿಂದ ಓದುತ್ತಿದ್ದೇನೆ. ನಿಮ್ಮ ಸಮಸ್ಯೆ ನೋಡಿದರೆ ಹೊಟ್ಟೆಕಿಚ್ಚು ಬರುತ್ತದೆ. ಕೌನ್ಸಿಲ್ ಬೆಂಬಲ ಕೊಡಬಹುದಾ ಅಂತ ಚರ್ಚೆ! ನಮ್ಮಲ್ಲಿ 2020ರ ಸೆಪ್ಟೆಂಬರ್‌ನಿಂದ ಕಾರ್ಪೊರೇಟರ್‌ಗಳೇ ಇಲ್ಲ. ಮೊನ್ನೆ ಬಿಬಿಎಂಪಿಯನ್ನೇ ತೆಗೆದು ಗ್ರೇಟರ್ ಬೆಂಗಳೂರು ಅಂತ ಮಾಡಿ ಐದು ಪಾಲಿಕೆ ಮಾಡಿದರು. ಚುನಾವಣೆ ಯಾವಾಗ ಅಂತ ಕೇಳಬೇಡಿ.

ಟ್ಯಾಕ್ಸ್‌ಗೆ ಜನರ ಓಟು ಅನ್ನುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ. ಊರಿನವರೇ ಸರಕಿನ ಮೇಲೆ ವಸೂಲಿ ಮಾಡುತ್ತಿದ್ದದ್ದು ಅಂದರೆ ಆಕ್ಟ್ರಾಯ್. ನಾಕಾದಲ್ಲಿ ಲಾರಿ ನಿಲ್ಲಿಸಿ ಚೀಟಿ ಬರೆಯುವ ಕಾಲ. ಕರ್ನಾಟಕದಲ್ಲಿ ಅದು 1979ರಲ್ಲೇ ಹೋಯಿತು, ಬದಲಿಗೆ ರಾಜ್ಯ ಸರ್ಕಾರದ ಪ್ರವೇಶ ತೆರಿಗೆ ಬಂತು. 2017ರಲ್ಲಿ ಜಿಎಸ್‌ಟಿ ಬಂದು ಅದನ್ನೂ ನುಂಗಿತು. ಈಗ ಊರಿನ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಮನೆ ಕಂದಾಯ ಮಾತ್ರ, ಉಳಿದದ್ದಕ್ಕೆ ಮೇಲಿನವರ ಮುಂದೆ ಕೈಚಾಚಬೇಕು.

ಹುಬ್ಬಳ್ಳಿ_ಹುಡುಗ

ಆದ್ರೂ ಅಲ್ಲಿ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಸ್ಯಾರಲ್ರಿ. ಇಲ್ಲಿ ಏರಿಸ್ತಾರ.

ಜಯನಗರ_4ನೇಬ್ಲಾಕ್

ಇಳಿಸಿದರು ಸರಿ. ನಮ್ಮ ರಸ್ತೆಯ ಗುಂಡಿಗೂ ಅದಕ್ಕೂ ಸಂಬಂಧ ಇಲ್ಲವಲ್ಲ. ನಿಮಗೆ ಆ 0.125 ಬಾರ್ಟ್‌ಗೆ, ಈ ಅರ್ಧ ಸೆಂಟ್ ಬಸ್ಸಿಗೆ ಅಂತ ಬೆರಳಿಟ್ಟು ತೋರಿಸಲು ಬರುತ್ತದೆ. ನಾನು ಕೊಟ್ಟ 18%ರಲ್ಲಿ ನಮ್ಮ ವಾರ್ಡಿಗೆ ಎಷ್ಟು ಬಂತು ಅಂತ ಯಾವ ದೇವರಿಗೂ ಗೊತ್ತಿಲ್ಲ.

ರಾಗಿಮುದ್ದೆ

ಅಪ್ಪ ಇಲ್ಲಿಗೆ ಬಂದಾಗ ಕೌಂಟರಿನಲ್ಲಿ ಜಗಳ ಆಡಿದ್ದರು. ‘ಪಟ್ಟಿಯಲ್ಲಿ 19.99 ಅಂತ ಇದೆ, 21 ಮುಕ್ಕಾಲು ಯಾಕೆ ಕೇಳುತ್ತಾನೆ? ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ ದೂರು ಕೊಡಬಹುದು’ ಅಂತ. ಆ ಹುಡುಗನಿಗೆ ಎಂಆರ್‌ಪಿ ಅಂದರೆ ಏನು ಅಂತ ನಾನು ವಿವರಿಸಬೇಕಾಯಿತು.

ಪ್ಲೇನೋ_ಪುಟ್ಟಣ್ಣ

ಟೆಕ್ಸಸ್‌ಗೆ ಬನ್ನಿ. 8.25%, ಅದಕ್ಕಿಂತ ಒಂದು ಚೂರೂ ಮೇಲೆ ಹೋಗುವ ಹಾಗಿಲ್ಲ. ರಾಜ್ಯಕ್ಕೆ 6.25, ಊರು ಕಡೆಯವರಿಗೆಲ್ಲ ಸೇರಿ 2. ಇನ್‌ಕಂ ಟ್ಯಾಕ್ಸ್ ಇಲ್ಲ.

ಲೆಕ್ಕದಪುಸ್ತಕ

ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಎಷ್ಟು ಪುಟ್ಟಣ್ಣ? ಅದನ್ನೂ ಹಾಕಿ.

ಪ್ಲೇನೋ_ಪುಟ್ಟಣ್ಣ

ಆ ಮಾತು ಬೇಡ 😅 ಆದರೆ ನಮ್ಮಲ್ಲೂ ಇದೇ ಗಲಾಟೆ. ಆ 2ರಲ್ಲಿ 1 ಪ್ಲೇನೋ, ಅರ್ವಿಂಗ್ ಊರುಗಳಿಂದ ಡಾರ್ಟ್ ರೈಲಿಗೆ ಹೋಗುತ್ತದೆ. ಕೊಟ್ಟಷ್ಟು ವಾಪಸ್ ಬರುತ್ತಿಲ್ಲ ಅಂತ ಊರಿನವರ ದೂರು. ಪಕ್ಕದ ಫ್ರಿಸ್ಕೋ ಡಾರ್ಟ್‌ನಲ್ಲಿ ಇಲ್ಲ, ಆ ಪಾಲನ್ನು ಊರಿನ ಅಭಿವೃದ್ಧಿಗೆ ಇಟ್ಟುಕೊಂಡಿದೆ. ಮೇ ತಿಂಗಳಲ್ಲಿ ಅಲ್ಲಿ ದೊಡ್ಡ ರಂಗಮಂದಿರ ಕಟ್ಟುವ ಪ್ರಸ್ತಾವ ಓಟಿಗೆ ಬಂತು, ಜನ ಬೇಡ ಅಂದರು.

ಮಂಡ್ಯದ_ಮಾವ

ಒರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ. ಪೋರ್ಟ್‌ಲ್ಯಾಂಡ್‌ಗೆ ಹೋದಾಗ ಲ್ಯಾಪ್‌ಟಾಪ್ ತಗೊಂಡು ಬರುವುದು ನಮ್ಮ ಪದ್ಧತಿ.

ಲೆಕ್ಕದಪುಸ್ತಕ

ಇಲ್ಲಿಗೆ ತಂದು ಬಳಸಿದರೆ ಯೂಸ್ ಟ್ಯಾಕ್ಸ್ ಕಟ್ಟಬೇಕು ಮಾವ. ರಾಜ್ಯದ ಇನ್‌ಕಂ ಟ್ಯಾಕ್ಸ್ ಫಾರಂನಲ್ಲೇ ಅದಕ್ಕೆ ಒಂದು ಸಾಲು ಇದೆ.

ಮಂಡ್ಯದ_ಮಾವ

ಯಾವ ಸಾಲು? ನನ್ನ ಕನ್ನಡಕ ಹಳೆಯದು, ಕಾಣುವುದಿಲ್ಲ.

ಕಾಫಿಪುಡಿ | 2025 ನವೆಂಬರ್ 5

ಮೇಲೆತ್ತುತ್ತಿದ್ದೇನೆ. ಫಲಿತಾಂಶ ಬರುತ್ತಿದೆ, ಮೆಷರ್ ಎ ಮುಂದಿದೆ. ನಾನು ಏನು ಹಾಕಿದೆ ಅಂತ ಹೇಳುವುದಿಲ್ಲ. ಕೌನ್ಸಿಲ್‌ಗೆ ಮಾತ್ರ ಒಂದು ಇಮೇಲ್ ಕಳಿಸಿದ್ದೇನೆ. ಬ್ಯಾಲೆಟ್ ಮೆಷರ್‌ಗೆ ಬೆಂಬಲ ಕೊಡುವ ನಿರ್ಣಯವನ್ನು ಇನ್ನು ಮುಂದೆ ಕನ್ಸೆಂಟ್‌ನಲ್ಲಿ ಹಾಕಬೇಡಿ, ಬೇರೆಯಾಗಿ ಚರ್ಚೆಗೆ ಇಡಿ ಅಂತ. ನಮ್ಮ ಬೀದಿಯ ಕೌನ್ಸಿಲರ್ ಉತ್ತರಿಸಿದ್ದಾರೆ: ‘ಒಳ್ಳೆಯ ಸಲಹೆ, ಗಮನಕ್ಕೆ ತೆಗೆದುಕೊಂಡಿದ್ದೇವೆ.’

ಮಾರಾಯ_ಕುಡ್ಲ

ಅಂದರೆ ಕಸದ ಬುಟ್ಟಿ.

ಅಜ್ಜಿಮನೆ

ನಿನ್ನೆ ರಾತ್ರಿ ಡ್ಯೂಟಿಯಲ್ಲಿ ಎಲ್ಲರೂ ಫೋನ್ ನೋಡುತ್ತಿದ್ದರಂತೆ. ಮನೆಯವರು ಬೆಳಿಗ್ಗೆ ಬಂದು ಕಾಫಿ ಕುಡಿದು ಮಲಗಿದರು, ಬಹಳ ದಿನದ ಮೇಲೆ ನೆಮ್ಮದಿಯಾಗಿ.

ಲೆಕ್ಕದಪುಸ್ತಕ | 2025 ಡಿಸೆಂಬರ್

ಕೊನೆಯ ಲೆಕ್ಕ ಬಂದಿದೆ, ಸುಮಾರು 57%. ನಾನು ಆಗ ಹೇಳಿದ್ದನ್ನು ಈಗ ನೋಡಿ. ಬೀಗ ಹಾಕಿದ ಸ್ಪೆಷಲ್ ಟ್ಯಾಕ್ಸ್ ಆಗಿದ್ದರೆ ಇದೇ 57%ಗೆ ಬಿದ್ದುಹೋಗುತ್ತಿತ್ತು.

ಅಜ್ಜಿಮನೆ

ಹಾಗಾದರೆ ಅವರು ಆರಿಸಿದ್ದೇ ಸರಿ ಅಂತಾಯಿತು ಅಲ್ವಾ?

ಲೆಕ್ಕದಪುಸ್ತಕ

ಪಾಸ್ ಆಗಲು ಸರಿ. ಖರ್ಚಿನ ಪಟ್ಟಿ ನೋಡಿ ಉಳಿದದ್ದು ಹೇಳುತ್ತೇನೆ. ಇನ್ನೊಂದು, 2026ರ ನವೆಂಬರ್‌ಗೆ ಮತ್ತೆ ತಯಾರಿ ನಡೆದಿದೆ. ಬಾರ್ಟ್, ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂನಿ ಸಾರಿಗೆ, ಕ್ಯಾಲ್‌ಟ್ರೇನ್ ಉಳಿಸಲು ನಾಲ್ಕು ಕೌಂಟಿಯಲ್ಲಿ ಅರ್ಧ ಸೆಂಟ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸೆಂಟ್, ಹದಿನಾಲ್ಕು ವರ್ಷಕ್ಕೆ. ಗವರ್ನರ್ ಅಕ್ಟೋಬರ್‌ನಲ್ಲಿ ಸಹಿ ಹಾಕಿದ್ದಾರೆ. ನಮ್ಮ ಕೌಂಟಿಯೂ ಅದರಲ್ಲಿದೆ.

ಕಾಯಿದೆಕಟ್ಟೆ

ಅದನ್ನು ಜನರ ಸಹಿ ಸಂಗ್ರಹಿಸಿ ತಂದರೆ ಬೀಗವೂ ಇರುತ್ತದೆ, ಅರ್ಧಕ್ಕಿಂತ ಜಾಸ್ತಿ ಓಟೂ ಸಾಕಾಗುತ್ತದೆ. 2017ರ ಅಪ್‌ಲ್ಯಾಂಡ್ ತೀರ್ಪಿನ ಮೇಲೆ ತೆರೆದ ದಾರಿ ಅದು. ಅದಕ್ಕೂ ಬೆಂಬಲ ಕೊಡಿ ಅಂತ ಕೌನ್ಸಿಲ್‌ಗಳ ಮುಂದೆ ಬಂದೇ ಬರುತ್ತದೆ. ಕಾಫಿಪುಡಿಯವರೇ, ಆವತ್ತು ಹೋಟೆಲಿನಿಂದ ಊಟ ತರಿಸಿ.

ದೋಸೆಕಾವಲಿ

ಟ್ಯಾಕ್ಸ್ ಸೇರಿಸಿಯೇ ಬಿಲ್ ಮಾಡುತ್ತೇನೆ.

ಮಂಡ್ಯದ_ಮಾವ

ಮೆಷರ್ ಎ ಏಪ್ರಿಲ್ 1ರಿಂದ ಅಲ್ವಾ? ನಾನು ಕಾರು ತಗೋಬೇಕು, 40,000 ಆಸುಪಾಸು. ಪಕ್ಕದ ಕೌಂಟಿಗೆ ಹೋಗಿ ತಗೊಂಡರೆ ಉಳಿಯುತ್ತದಾ?

ಲೆಕ್ಕದಪುಸ್ತಕ

ಇಲ್ಲ. ಕಾರಿಗೆ ಟ್ಯಾಕ್ಸ್ ಹಿಡಿಯುವುದು ನೀವು ರಿಜಿಸ್ಟರ್ ಮಾಡಿಸುವ ವಿಳಾಸದ ಮೇಲೆ, ಡೀಲರ್ ಎಲ್ಲಿದ್ದಾನೆ ಅನ್ನುವುದರ ಮೇಲೆ ಅಲ್ಲ. ಒರೆಗಾನ್ ಆಟವೂ ಇಲ್ಲಿ ನಡೆಯುವುದಿಲ್ಲ, ಗಾಡಿ ರಿಜಿಸ್ಟರ್ ಮಾಡುವ ಡಿಎಂವಿ ಕಚೇರಿ ಹಿಡಿಯುತ್ತದೆ. ಮಾರ್ಚ್ 31ರೊಳಗೆ ಗಾಡಿ ಕೈಗೆ ಬಂದರೆ 250 ಡಾಲರ್ ಉಳಿಯುತ್ತದೆ, ಅಷ್ಟೇ.

ಮಂಡ್ಯದ_ಮಾವ

ಮಾರ್ಚ್‌ನಲ್ಲಿ ಸಿಗುವುದು ಬಿಳಿ ಬಣ್ಣದ್ದು ಮಾತ್ರ ಅಂತೆ. ಮನೆಯವಳಿಗೆ ಕೆಂಪೇ ಬೇಕು.

ಗಿರಿಜಕ್ಕ

250 ಕೊಟ್ಟು ಕೆಂಪು ತಗೊಳ್ಳಿ ಮಾವ.